ಇಲಿ ಬಳಗದ ವೀರ್ಯಾಣು ಹೇಗೆ ರೂಪ ಪಡೆಯುತ್ತದೆ? ವೃಷಣದ ಸ್ಲೈಡ್ ಓದುವವರಿಗೆ ಮಾರ್ಗದರ್ಶಿ

ಪ್ರಾಜೆಕ್ಟ್ ಸಮಯ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ವೃಷಣದ ಸ್ಲೈಡ್ ಮುಂದಿದೆ, ಪುಸ್ತಕದ ಚಿತ್ರವೂ ಇದೆ. ಆದರೆ ಎರಡಕ್ಕೂ ಹೊಂದಿಕೆ ಆಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?"

ಬಹಳ ಸಲ ತಪ್ಪು ಕಣ್ಣಿನದಲ್ಲ. ಸ್ಲೈಡು ಹ್ಯಾಮ್‌ಸ್ಟರ್‌ದು, ಚಿತ್ರ ರ‍್ಯಾಟ್‌ದು, ಅಷ್ಟೇ. (ಇಲ್ಲಿ ರ‍್ಯಾಟ್ ಅಂದರೆ ದೊಡ್ಡ ಇಲಿ, ಮೌಸ್ ಅಂದರೆ ಚಿಕ್ಕ ಇಲಿ.) ಇಲಿ ಬಳಗ ಅಂದ ಮಾತ್ರಕ್ಕೆ ಎಲ್ಲದರ ವೀರ್ಯಾಣುವೂ ಒಂದೇ ಥರ ಬೆಳೆಯುವುದಿಲ್ಲ. ಶುರುವಿನ ಭಾಗ ಎಲ್ಲದರಲ್ಲೂ ಒಂದನ್ನೊಂದು ಹೋಲುತ್ತದೆ. ತಲೆ ಉದ್ದವಾಗುವ ಹೊತ್ತಿಗೆ ದಾರಿ ಕವಲೊಡೆಯುತ್ತದೆ. ಅದಕ್ಕೇ ನೋಡುವ ಕ್ರಮ ಮುಖ್ಯ: ಮೊದಲು ಅಕ್ರೋಸೋಮ್ (ತಲೆಯ ಮೇಲಿನ ಟೋಪಿ), ಆಮೇಲೆ ತಲೆಯ ಆಕಾರ, ಕೊನೆಗೆ ಬಾಲ. ಈ ಕ್ರಮ ಬಿಟ್ಟು ನೇರವಾಗಿ ತಲೆಯ ಆಕಾರಕ್ಕೆ ಹೋದವರೇ ಜಾಸ್ತಿ ಗೊಂದಲಕ್ಕೆ ಬೀಳುತ್ತಾರೆ.

ನಾಲ್ಕು ಪದ ಗೊತ್ತಿರಲಿ

ವೃಷಣದ ಒಳಗೆ ಸುರುಳಿ ಸುತ್ತಿಕೊಂಡ ಸಣ್ಣ ಕೊಳವೆಗಳಿವೆ. ಅವು ವೀರ್ಯನಾಳಿಕೆಗಳು. ಅವುಗಳ ಗೋಡೆಯಲ್ಲಿ ಕೋಶಗಳು ವಿಭಜನೆಯಾಗುತ್ತಾ ಒಳಕ್ಕೆ ಸರಿಯುತ್ತವೆ. ಕೊನೆಯ ವಿಭಜನೆ ಮುಗಿದ ಮೇಲೆ ಸಿಗುವ ಗುಂಡಗಿನ ಕೋಶ ಸ್ಪರ್ಮಾಟಿಡ್. ಇದು ಇನ್ನು ವಿಭಜನೆ ಆಗುವುದಿಲ್ಲ, ಬರೀ ರೂಪ ಬದಲಿಸುತ್ತದೆ. ಗುಂಡಗಿನ ಕೋಶ ತಲೆ, ಬಾಲ ಇರುವ ವೀರ್ಯಾಣು ಆಗುವ ಈ ಬದಲಾವಣೆಯೇ ನಮ್ಮ ವಿಷಯ.

ಒಂದು ಸ್ಪರ್ಮಾಟಿಡ್ ದಾಟುವ ಒಂದೊಂದು ಸಣ್ಣ ಬದಲಾವಣೆಯನ್ನು ಇಲ್ಲಿ "ಮೆಟ್ಟಿಲು" ಎಂದು ಕರೆಯುತ್ತೇನೆ. ನಾಳಿಕೆಯ ಒಂದು ಅಡ್ಡ ಕೊಯ್ತದಲ್ಲಿ ಒಟ್ಟಿಗೆ ಕಾಣುವ ಕೋಶಗಳ ಜೋಡಣೆಯನ್ನು "ಘಟ್ಟ" ಎನ್ನುತ್ತೇನೆ. ಮೆಟ್ಟಿಲು ಕೋಶದ್ದು, ಘಟ್ಟ ನಾಳಿಕೆಯದು. ಈ ಎರಡನ್ನು ಕಲಸಿಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪಾಗುತ್ತದೆ.

ಏನೇನು ಬೇಕು

40 ಮತ್ತು 100ರ ಲೆನ್ಸ್ ಇರುವ ಸಾಮಾನ್ಯ ಮೈಕ್ರೋಸ್ಕೋಪ್, ಇಮ್ಮರ್ಷನ್ ಎಣ್ಣೆ, ಅಳತೆಗೆ ಐಪೀಸ್ ಮೈಕ್ರೋಮೀಟರ್ ಮತ್ತು ಸ್ಟೇಜ್ ಮೈಕ್ರೋಮೀಟರ್, ಫೋಟೋ ತೆಗೆಯಲು ಮೊಬೈಲ್. ಕಂಪ್ಯೂಟರಿನಲ್ಲಿ ಫೋಟೋ ಮೇಲೆ ಅಳತೆ ಮಾಡುವ ತಂತ್ರಾಂಶ ಇಮೇಜ್‌ಜೆ ಹಾಕಿಕೊಳ್ಳಿ, ಅದು ಉಚಿತ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪ್ರಾಣಿಯ ಸ್ಲೈಡ್ ಎಂದು ಖಾತ್ರಿ ಇರುವ ಲೇಬಲ್ ಬೇಕು. ಸುಮ್ನೆ "ಇಲಿ ವೃಷಣ" ಎಂದು ಬರೆದ ಹಳೇ ಸ್ಲೈಡನ್ನು ಹೋಲಿಕೆಗೆ ಬಳಸಬೇಡಿ.

ಹೆಜ್ಜೆ 1: ಸ್ಲೈಡ್ ಎಲ್ಲಿಂದ ತರುವುದು

ಇದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ನಿಲ್ಲಿಸಬೇಕು ಎಂದು ಯುಜಿಸಿ 2011ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಂಶೋಧನೆಗೆ ಪ್ರಾಣಿ ಬೇಕಾದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಬರುವ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣಾ ಸಮಿತಿ) ನಿಯಮ ಪಾಲಿಸಬೇಕು, ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪಬೇಕು. ಹಾಗಾಗಿ ನಿಮ್ಮ ಕೆಲಸವನ್ನು ವಿಭಾಗದಲ್ಲಿ ಈಗಾಗಲೇ ಇರುವ ಪರ್ಮನೆಂಟ್ ಸ್ಲೈಡ್, ಹಳೇ ಪ್ಯಾರಾಫಿನ್ ಬ್ಲಾಕ್ ಅಥವಾ ಸರಬರಾಜುದಾರರಿಂದ ಕೊಂಡ ಸ್ಲೈಡುಗಳ ಮೇಲೆ ಕಟ್ಟಿಕೊಳ್ಳಿ. ಹೋಲಿಕೆಗೆ ಇಷ್ಟು ಸಾಕು.

ಇನ್ನೊಂದು ಪ್ರಶ್ನೆ ಪ್ರತಿ ಸಲ ಬರುತ್ತದೆ. "ಭದ್ರಾ ಕಾಲುವೆ ಕಡೆ ಭತ್ತದ ಗದ್ದೆಯಲ್ಲಿ ರೈತರು ಹೇಗಿದ್ದರೂ ಇಲಿ ಹಿಡಿಯುತ್ತಾರೆ, ಅದನ್ನೇ ತಂದರೆ ಆಗಲ್ವಾ?" ಬೇಡ. ಅನುಮತಿಯ ಮಾತು ಹಾಗಿರಲಿ, ಇಲಿ ಮೂತ್ರದಿಂದ ಹರಡುವ ಇಲಿ ಜ್ವರ ಜೀವಕ್ಕೇ ಕುತ್ತು ತರಬಲ್ಲದು. ಪಾಷಾಣ ತಿಂದು ಸತ್ತ ಇಲಿಯಂತೂ ಕೆಲಸಕ್ಕೇ ಬರುವುದಿಲ್ಲ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ವೃಷಣದ ಕೋಶಗಳು ಕರಗಲು ಶುರುವಾಗುತ್ತವೆ. ಆಮೇಲೆ ಎಷ್ಟು ಚೆನ್ನಾಗಿ ಬಣ್ಣ ಹಾಕಿದರೂ ಅಕ್ರೋಸೋಮ್ ಸರಿಯಾಗಿ ಕಾಣುವುದಿಲ್ಲ.

ಇನ್ನು ಮನೆಯ ಮೂಲೆಯಲ್ಲಿ ಓಡಾಡುವ, ಉದ್ದ ಮೂತಿಯ, ವಾಸನೆ ಬರುವ ಸೊಂಡಿಲಿ ಈ ಬಳಗದ್ದೇ ಅಲ್ಲ. ಹೆಸರಿನಲ್ಲಿ ಇಲಿ ಇದೆ ಎಂದು ಅದನ್ನು ಪಟ್ಟಿಗೆ ಸೇರಿಸಬೇಡಿ.

ಹೆಜ್ಜೆ 2: ಸ್ಲೈಡ್ ಓದಲು ಯೋಗ್ಯವೋ ನೋಡಿ

ಎರಡು ವಿಷಯ ಕೇಳಿ ತಿಳಿಯಿರಿ: ಅಂಗಾಂಶವನ್ನು ಯಾವುದರಲ್ಲಿ ಇಟ್ಟಿದ್ದರು, ಯಾವ ಬಣ್ಣ ಹಾಕಿದ್ದಾರೆ.

ವೃಷಣಕ್ಕೆ ಬರೀ ಫಾರ್ಮಲಿನ್ ಸಾಲದು. ಕೋಶಗಳು ಕುಗ್ಗಿ ನಡುವೆ ಬಿರುಕು ಬಿಡುತ್ತವೆ, ಕೋಶಕೇಂದ್ರದ ವಿವರ ಮಂಕಾಗುತ್ತದೆ. ಬೌಯಿನ್ ದ್ರಾವಣ ಅಥವಾ ಮಾರ್ಪಡಿಸಿದ ಡೇವಿಡ್‌ಸನ್ ದ್ರಾವಣದಲ್ಲಿ ಇಟ್ಟದ್ದು ಚೆನ್ನಾಗಿರುತ್ತದೆ. ಬೌಯಿನ್‌ನಲ್ಲಿ ಪಿಕ್ರಿಕ್ ಆಮ್ಲ ಇರುತ್ತದೆ, ಹಳದಿ ಬಣ್ಣ ಅದರದ್ದೇ. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ. ಪ್ರಯೋಗಾಲಯದ ಕಪಾಟಿನಲ್ಲಿ ಮುಚ್ಚಳದ ಸುತ್ತ ಹರಳು ಕಟ್ಟಿದ ಹಳೇ ಬಾಟಲಿ ಕಂಡರೆ ತಿರುಗಿಸಲು ಹೋಗಬೇಡಿ. ಮುಟ್ಟದೆ ಮೇಷ್ಟ್ರಿಗೆ ಹೇಳಿ.

ಬಣ್ಣದ ವಿಷಯಕ್ಕೆ ಬಂದರೆ, ಮಾಮೂಲಿ ಹೆಮಟಾಕ್ಸಿಲಿನ್-ಇಯೋಸಿನ್ ಸ್ಲೈಡಿನಲ್ಲಿ ಅಕ್ರೋಸೋಮ್ ನಿಚ್ಚಳವಾಗಿ ಕಾಣುವುದಿಲ್ಲ. ಪಿಎಎಸ್ (ಪೀರಿಯಾಡಿಕ್ ಆಮ್ಲ-ಶಿಫ್) ಬಣ್ಣ ಬೇಕು. ಅಕ್ರೋಸೋಮ್‌ನಲ್ಲಿ ಸಕ್ಕರೆ ಅಂಟಿಕೊಂಡ ಪ್ರೋಟೀನ್‌ಗಳು ಹೇರಳ. ಪೀರಿಯಾಡಿಕ್ ಆಮ್ಲ ಆ ಸಕ್ಕರೆಯನ್ನು ಬದಲಿಸುತ್ತದೆ, ಶಿಫ್ ದ್ರಾವಣ ಅದಕ್ಕೆ ಹಿಡಿದುಕೊಂಡು ಕಡು ಗುಲಾಬಿಯಾಗುತ್ತದೆ. 1952ರಲ್ಲಿ ಲೆಬ್ಲಾಂಡ್ ಮತ್ತು ಕ್ಲೆರ್ಮಾಂಟ್ ರ‍್ಯಾಟ್‌ನ ಘಟ್ಟಗಳನ್ನು ವಿಂಗಡಿಸಿದ್ದು ಈ ಬಣ್ಣದ ಬಲದಿಂದಲೇ.

ನೀವೇ ಬಣ್ಣ ಹಾಕುವುದಾದರೆ ಮೂರು ಎಚ್ಚರಿಕೆ. ಶಿಫ್ ದ್ರಾವಣ ಬಾಟಲಿಯಲ್ಲೇ ಗುಲಾಬಿಗೆ ತಿರುಗಿದ್ದರೆ ಅದು ಕೆಟ್ಟಿದೆ, ಬಳಸಬೇಡಿ. ದ್ರಾವಣ ತಯಾರಿಸಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ, ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಆದರೆ ಹೆಮಟಾಕ್ಸಿಲಿನ್ ಆದ ಮೇಲೆ ನೀಲಿ ಬರಿಸಲು ಅದೇ ಗಡಸು ನಲ್ಲಿ ನೀರು ಒಳ್ಳೆಯದು, ಬೇಗ ನೀಲಿ ಹಿಡಿಯುತ್ತದೆ. ಮೂರನೆಯದು, ಹೆಮಟಾಕ್ಸಿಲಿನ್ ತೆಳುವಾಗಿರಲಿ. ಕೋಶಕೇಂದ್ರ ಕಪ್ಪಗಾದರೆ ಅದರ ಮೇಲೆ ಕೂತ ಗುಲಾಬಿ ಟೋಪಿ ಮುಚ್ಚಿಹೋಗುತ್ತದೆ.

ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಸಿಗುವವರಿಗೆ ಇನ್ನೊಂದು ದಾರಿ ಇದೆ. ಶೇಂಗಾ ಬೀಜದಿಂದ ತೆಗೆದ ಪಿಎನ್‌ಎ ಎಂಬ ಲೆಕ್ಟಿನ್, ಅಂದರೆ ಸಕ್ಕರೆಗೆ ಅಂಟುವ ಪ್ರೋಟೀನ್, ಅಕ್ರೋಸೋಮ್‌ಗೆ ಚೆನ್ನಾಗಿ ಅಂಟುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಜೋಡಿಸಿ ಬಳಸುತ್ತಾರೆ. ಚಳ್ಳಕೆರೆ ಸೀಮೆಯಲ್ಲಿ ಬೆಳೆಯುವ ಶೇಂಗಾದಲ್ಲೂ ಇರುವ ವಸ್ತು ಜಗತ್ತಿನ ಪ್ರಯೋಗಾಲಯಗಳಲ್ಲಿ ವೀರ್ಯಾಣುವನ್ನು ಬೆಳಗಿಸುತ್ತಿದೆ ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಹೆಜ್ಜೆ 3: ಸರಿಯಾದ ನಾಳಿಕೆ ಆರಿಸಿ

ಚಿಕ್ಕ ಲೆನ್ಸಿನಲ್ಲಿ ಇಡೀ ಕೊಯ್ತವನ್ನು ಒಮ್ಮೆ ಸುತ್ತಿ ನೋಡಿ. ದುಂಡಗೆ ಕೊಯ್ದ ನಾಳಿಕೆಗಳನ್ನು ಮಾತ್ರ ಆರಿಸಿ. ಉದ್ದುದ್ದ ಕೊಯ್ದದ್ದರಲ್ಲಿ ಒಂದು ತುದಿ ಒಂದು ಘಟ್ಟ, ಇನ್ನೊಂದು ತುದಿ ಬೇರೆ ಘಟ್ಟ ಇರಬಹುದು.

ಒಂದೇ ನಾಳಿಕೆಯಲ್ಲಿ ಹಲವು ವಯಸ್ಸಿನ ಕೋಶಗಳು ಒಟ್ಟಿಗಿರುತ್ತವೆ. ಒಂದೇ ಕೋಣೆಯಲ್ಲಿ ಮೂರು ನಾಲ್ಕು ತರಗತಿ ಕೂರಿಸುವ ಹಳ್ಳಿ ಶಾಲೆ ಇದ್ದಹಾಗೆ. ಗೋಡೆಯ ಬದಿಗೆ ಕಿರಿಯವು, ಒಳಗಡೆ ಹಿರಿಯವು. ಯಾವ ತರಗತಿಯ ಜೊತೆ ಯಾವುದು ಕೂತಿದೆ ಎನ್ನುವುದು ಆಯಾ ಪ್ರಾಣಿಯಲ್ಲಿ ನಿಗದಿ. ಅದನ್ನೇ ಘಟ್ಟ ಎನ್ನುವುದು.

ಈಗ ಸಂಖ್ಯೆಗಳು. ರ‍್ಯಾಟ್‌ನಲ್ಲಿ 14 ಘಟ್ಟ, 19 ಮೆಟ್ಟಿಲು. ಮೌಸ್‌ನಲ್ಲಿ 12 ಘಟ್ಟ, 16 ಮೆಟ್ಟಿಲು. ಇದನ್ನು 1956ರಲ್ಲಿ ಓಕ್‌ಬರ್ಗ್ ವಿಂಗಡಿಸಿದರು. ಹ್ಯಾಮ್‌ಸ್ಟರ್‌ಗೆ 13 ಘಟ್ಟ, ಗಿನಿಪಿಗ್‌ಗೆ 12 ಘಟ್ಟ. ಗಿನಿಪಿಗ್‌ಗೂ ಮೌಸ್‌ಗೂ ಎರಡಕ್ಕೂ 12 ಬಂತೆಂದು ಒಂದರ ಪಟ್ಟಿ ಇನ್ನೊಂದಕ್ಕೆ ಹೊಂದುತ್ತದೆ ಅಂದುಕೊಳ್ಳಬೇಡಿ.

ವೇಗವೂ ಬೇರೆ. ನಾಳಿಕೆಯ ಒಂದು ಜಾಗ ಎಲ್ಲಾ ಘಟ್ಟಗಳನ್ನು ದಾಟಿ ಒಂದು ಸುತ್ತು ಮುಗಿಯಲು ಮೌಸ್‌ಗೆ 8.6 ದಿನ, ರ‍್ಯಾಟ್‌ಗೆ ಸುಮಾರು 13 ದಿನ. ವೀರ್ಯಾಣು ಪೂರ್ತಿ ತಯಾರಾಗಲು ಮೌಸ್‌ನಲ್ಲಿ ಸುಮಾರು 35 ದಿನ, ರ‍್ಯಾಟ್‌ನಲ್ಲಿ 52ರ ಆಸುಪಾಸು. ಈ ವೇಗವನ್ನು ನಿರ್ಧರಿಸುವವರು ಯಾರು? ವೃಷಣವೋ, ಕೋಶವೋ? 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರ‍್ಯಾಟ್‌ನ ಜನನ ಕೋಶಗಳನ್ನು (ವೀರ್ಯಾಣುವಾಗಿ ಬೆಳೆಯುವ ಕೋಶಗಳನ್ನು) ಮೌಸ್‌ನ ವೃಷಣಕ್ಕೆ ಸೇರಿಸಿದ್ದರು. ಸುತ್ತಲಿನ ಪೋಷಕ ಕೋಶಗಳು ಮೌಸ್‌ದು. ಆದರೂ ರ‍್ಯಾಟ್ ಕೋಶಗಳು ರ‍್ಯಾಟ್‌ನ ನಿಧಾನದಲ್ಲೇ ಬೆಳೆದವು, ಪಕ್ಕದ ಮೌಸ್ ಕೋಶಗಳು ತಮ್ಮ ವೇಗದಲ್ಲೇ ಸಾಗಿದವು. ಅಂದರೆ ಗಡಿಯಾರ ಇರುವುದು ಜನನ ಕೋಶದ ಒಳಗೆ. ಒಂದು ಪ್ರಾಣಿಯ ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ.

ಹೆಜ್ಜೆ 4: ಅಕ್ರೋಸೋಮ್ ಓದಿ

ಅಕ್ರೋಸೋಮ್ ಅಂದರೆ ವೀರ್ಯಾಣುವಿನ ತಲೆಯ ಮೇಲಿನ ಟೋಪಿ. ಅಂಡದ ಹೊದಿಕೆ ದಾಟಲು ಬೇಕಾದ ಕಿಣ್ವಗಳು ಅದರಲ್ಲಿರುತ್ತವೆ. 100ರ ಲೆನ್ಸ್ ಹಾಕಿ, ಎಣ್ಣೆ ಬಿಟ್ಟು, ಗುಂಡಗಿನ ಸ್ಪರ್ಮಾಟಿಡ್‌ಗಳ ಮೇಲೆ ನಿಲ್ಲಿ. ಫೋಕಸ್ ಚಕ್ರವನ್ನು ಸ್ವಲ್ಪ ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಲೇ ಇರಿ.

ನಾಲ್ಕು ಕಾಲ ಕಾಣುತ್ತವೆ.

ಮೊದಲನೆಯದು ಗಾಲ್ಗಿ ಕಾಲ, ಮೆಟ್ಟಿಲು 1ರಿಂದ 3. ಕೋಶದ ಗಾಲ್ಗಿ ಭಾಗದಿಂದ ಸಣ್ಣ ಕಣಗಳು ಬಂದು ಸೇರಿ ಕೋಶಕೇಂದ್ರದ ಪಕ್ಕ ಒಂದು ಗುಳ್ಳೆಯಾಗುತ್ತವೆ. ಗುಲಾಬಿ ಚುಕ್ಕೆಯೊಂದು ಕಂಡರೆ ಇಲ್ಲಿದ್ದೀರಿ.

ಎರಡನೆಯದು ಟೋಪಿ ಕಾಲ, ಮೆಟ್ಟಿಲು 4ರಿಂದ 7. ಗುಳ್ಳೆ ಚಪ್ಪಟೆಯಾಗಿ ಕೋಶಕೇಂದ್ರದ ಮೇಲೆ ಹರಡುತ್ತದೆ. ಇಲ್ಲಿ ಕೋನ ಅಳೆಯಬಹುದು. ಕೋಶಕೇಂದ್ರದ ನಡುವಿನಿಂದ ಟೋಪಿಯ ಎರಡು ಅಂಚಿಗೆ ಗೆರೆ ಎಳೆಯಿರಿ. ಮೌಸ್‌ನಲ್ಲಿ ಕೋನ 40 ಡಿಗ್ರಿಗಿಂತ ಕಡಿಮೆ ಇದ್ದರೆ ಮೆಟ್ಟಿಲು 4, 40ರಿಂದ 95 ಇದ್ದರೆ 5, 95ರಿಂದ 120 ಇದ್ದರೆ 6, ಅದಕ್ಕೂ ಜಾಸ್ತಿ ಇದ್ದರೆ 7. ಈ ಕೆಲಸಕ್ಕೆ ಇಮೇಜ್‌ಜೆ ಕೋನದ ಉಪಕರಣ ಸಾಕು. ಒಂದೇ ಕೋಶ ನೋಡಿ ತೀರ್ಮಾನಿಸಬೇಡಿ. ಟೋಪಿ ಓರೆಯಾಗಿ ಕೊಯ್ದಿದ್ದರೆ ಕೋನ ಚಿಕ್ಕದಾಗಿ ಕಾಣುತ್ತದೆ. ಅದೇ ನಾಳಿಕೆಯ ಹಲವು ಕೋಶ ಅಳೆದು, ದೊಡ್ಡ ಕೋನಗಳನ್ನು ನಂಬಿ.

ಮೂರನೆಯದು ಅಕ್ರೋಸೋಮ್ ಕಾಲ, ಮೆಟ್ಟಿಲು 8ರಿಂದ. ರ‍್ಯಾಟ್‌ನಲ್ಲಿ 14ರವರೆಗೆ, ಮೌಸ್‌ನಲ್ಲಿ 12ರವರೆಗೆ. ಟೋಪಿ ಇರುವ ಬದಿ ನಾಳಿಕೆಯ ಗೋಡೆಯತ್ತ ತಿರುಗುತ್ತದೆ, ಕೋಶಕೇಂದ್ರ ಕೋಶದ ಅಂಚಿಗೆ ಬಂದು ತಾಗುತ್ತದೆ, ತಲೆ ಉದ್ದವಾಗಲು ಶುರುವಾಗುತ್ತದೆ. ನಾಲ್ಕನೆಯದು ಪಕ್ವ ಕಾಲ. ಹೊಸ ಬದಲಾವಣೆ ಕಡಿಮೆ, ಇದ್ದದ್ದು ಬಿಗಿಯಾಗುತ್ತದೆ. ಹೆಚ್ಚಿನ ಕೋಶರಸವನ್ನು ಕೋಶ ಕಳಚಿ ಬಿಡುತ್ತದೆ.

ಬೇಗ ಪತ್ತೆ ಹಚ್ಚಲು ಒಂದು ದಾರಿ. ನಾಳಿಕೆಯಲ್ಲಿ ಗುಂಡಗಿನದೂ ಉದ್ದನೆಯದೂ ಎರಡು ಪೀಳಿಗೆಯ ಸ್ಪರ್ಮಾಟಿಡ್ ಇದ್ದರೆ ನೀವು 1ರಿಂದ 8ರ ಒಳಗಿನ ಘಟ್ಟದಲ್ಲಿದ್ದೀರಿ. ಉದ್ದವಾಗುತ್ತಿರುವ ಒಂದೇ ಪೀಳಿಗೆ ಇದ್ದರೆ 9 ಅಥವಾ ಅದಕ್ಕೂ ಮುಂದೆ. ತಯಾರಾದ ವೀರ್ಯಾಣುಗಳು ಒಳ ಅಂಚಿನಲ್ಲಿ ಸಾಲಾಗಿ ನಿಂತಿದ್ದರೆ 7 ಅಥವಾ 8. ಎಂಟರಲ್ಲೇ ಅವು ಬಿಡುಗಡೆ ಆಗುತ್ತವೆ. ಇದು ಮೌಸ್‌ಗೂ ರ‍್ಯಾಟ್‌ಗೂ ಸರಿ. ಆದರೆ ವಿಭಜನೆಯ ಚಿತ್ರ ಕಂಡರೆ ಮೌಸ್‌ನಲ್ಲಿ ಅದು 12ನೇ ಘಟ್ಟ, ರ‍್ಯಾಟ್‌ನಲ್ಲಿ 14ನೆಯದು.

ಹೆಜ್ಜೆ 5: ತಲೆಯ ಆಕಾರ ನೋಡಿ

ಗುಂಡಗಿದ್ದ ಕೋಶಕೇಂದ್ರ ಕೊಕ್ಕೆಯಾಗುವುದು ಹೇಗೆ? ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಮುಂಭಾಗದಲ್ಲಿ ಅಕ್ರೋಸೋಮ್ ಮತ್ತು ಅದನ್ನು ಕೋಶಕೇಂದ್ರಕ್ಕೆ ಬಿಗಿದ ಪದರ ಹಿಡಿದಿಡುತ್ತವೆ. ಹಿಂಭಾಗದಲ್ಲಿ ಮ್ಯಾಂಚೆಟ್ ಎಂಬ ಸೂಕ್ಷ್ಮನಾಳಗಳ ಕವಚ ಕೋಶಕೇಂದ್ರವನ್ನು ಸುತ್ತಿಕೊಳ್ಳುತ್ತದೆ. ಇದು ಸ್ವಲ್ಪ ಕಾಲ ಇದ್ದು ಆಮೇಲೆ ಕರಗಿಹೋಗುತ್ತದೆ. ಒಳಗೆ ಡಿಎನ್‌ಎ ಬಿಗಿಯಾಗುತ್ತದೆ: ಮೊದಲಿದ್ದ ಹಿಸ್ಟೋನ್ ಪ್ರೋಟೀನ್‌ಗಳ ಬಹುಪಾಲು ಹೋಗಿ, ನಡುವೆ ಮಧ್ಯಂತರ ಪ್ರೋಟೀನ್‌ಗಳು ಬಂದು, ಕೊನೆಗೆ ಪ್ರೋಟಮಿನ್ ಕೂರುತ್ತದೆ. ಮೌಸ್‌ನಲ್ಲಿ ಎರಡು ಬಗೆಯ ಪ್ರೋಟಮಿನ್ ಇವೆ, ರ‍್ಯಾಟ್‌ನಲ್ಲಿ ಹೆಚ್ಚಿನಂಶ ಒಂದೇ ಬಗೆಯದು. ತಲೆ ಚಿಕ್ಕದಾಗಿ, ಕಡು ಬಣ್ಣಕ್ಕೆ ತಿರುಗುವುದು ಈ ಬಿಗಿತದಿಂದ.

ಮ್ಯಾಂಚೆಟ್ ನಿಮ್ಮ ಪಿಎಎಸ್ ಸ್ಲೈಡಿನಲ್ಲಿ ಕಾಣುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ಇಲ್ಲವೇ ಟ್ಯುಬುಲಿನ್‌ಗೆ ಅಂಟುವ ಪ್ರತಿಕಾಯ ಬೇಕು. ಕಂಡಿತು ಎಂದು ವರದಿಯಲ್ಲಿ ಬರೆಯಬೇಡಿ, ಪರೀಕ್ಷಕರು ಹಿಡಿಯುವ ಮೊದಲ ತಪ್ಪು ಇದೇ.

ಈಗ ಹೋಲಿಕೆ. ಮೌಸ್‌ನ ತಲೆ ಗಿಡ್ಡ, ಅಗಲ, ತುದಿಯಲ್ಲಿ ಒಂದು ಸ್ಪಷ್ಟ ಕೊಕ್ಕೆ. ರ‍್ಯಾಟ್‌ನದು ಉದ್ದ, ಕಿರಿದು, ಬಾಗಿದ್ದು. ಎರಡರಲ್ಲೂ ಅಕ್ರೋಸೋಮ್ ಉಬ್ಬಿದ ಬದಿಯ ಉದ್ದಕ್ಕೆ ಕೂತಿರುತ್ತದೆ, ಬಾಲ ತಲೆಯ ನಟ್ಟನಡುವೆ ಸೇರದೆ ಪಕ್ಕಕ್ಕೆ ಸೇರುತ್ತದೆ. ಕೊಕ್ಕೆಯ ತುದಿಗೆ ಬಲ ಕೊಡಲು ಅಕ್ರೋಸೋಮ್‌ನ ಕೆಳಗೆ ಪರ್ಫೊರೇಟೋರಿಯಂ ಎಂಬ ಗಟ್ಟಿ ಭಾಗ ಇದೆ.

ಗಿನಿಪಿಗ್‌ನಲ್ಲಿ ಕೊಕ್ಕೆಯೇ ಇಲ್ಲ. ತಲೆ ಚಪ್ಪಟೆ, ಅಕ್ರೋಸೋಮ್ ಮಾತ್ರ ಭಾರಿ ದೊಡ್ಡದು, ಕೋಶಕೇಂದ್ರವನ್ನು ದಾಟಿ ಮುಂದಕ್ಕೆ ಚಾಚಿ ಬಾಗಿರುತ್ತದೆ. ಅದರ ಅಂತಿಮ ಆಕಾರ ವೃಷಣದಲ್ಲೇ ಮುಗಿಯುವುದಿಲ್ಲ. ವೀರ್ಯಾಣು ಎಪಿಡಿಡಿಮಿಸ್‌ನಲ್ಲಿ, ಅಂದರೆ ವೃಷಣಕ್ಕೆ ಅಂಟಿದ ಸುರುಳಿ ನಾಳದಲ್ಲಿ ಸಾಗುವಾಗಲೂ ಬದಲಾಗುತ್ತದೆ. ಅಲ್ಲಿ ಗಿನಿಪಿಗ್‌ನ ವೀರ್ಯಾಣುಗಳು ತಲೆಗೆ ತಲೆ ಜೋಡಿಸಿ ಒಂದರ ಮೇಲೊಂದು ಅಟ್ಟಿಯಾಗಿ ನಿಂತಿರುತ್ತವೆ. ಇದನ್ನು ಕಂಡು ಸ್ಲೈಡ್ ಕೆಟ್ಟಿದೆ ಎಂದು ಬಿಸಾಕಬೇಡಿ, ಅದು ಸಹಜ. ಅಳಿಲಿನ ಬಳಗದಲ್ಲೂ ತಲೆ ಅಗಲ, ಅಕ್ರೋಸೋಮ್ ದೊಡ್ಡದು.

ನಮ್ಮ ಊರುಗಳಿಗೆ ಹತ್ತಿರದ ಉದಾಹರಣೆ ಹೆಗ್ಗಣ. ಗದ್ದೆಯಲ್ಲಿ ಬಿಲ ತೋಡುವ ಚಿಕ್ಕ ಹೆಗ್ಗಣ, ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್, ಕೊಕ್ಕೆ ತಲೆಯ ವೀರ್ಯಾಣು ಮಾಡುತ್ತದೆ. ಅದೇ ಕುಲದ ದೊಡ್ಡ ಹೆಗ್ಗಣ, ಬ್ಯಾಂಡಿಕೋಟಾ ಇಂಡಿಕಾ, ಕೊಕ್ಕೆ ಇಲ್ಲದ ಗುಂಡು ತಲೆಯ, ಗಿಡ್ಡ ಬಾಲದ ವೀರ್ಯಾಣು ಮಾಡುತ್ತದೆ. ಎರಡೂ ಹತ್ತಿರದ ನೆಂಟರು, ವೀರ್ಯಾಣು ಮಾತ್ರ ಹೀಗೆ ದೂರ. ಹಾಗಾಗಿ ಲೇಬಲ್‌ನಲ್ಲಿ "ಹೆಗ್ಗಣ" ಎಂದಷ್ಟೇ ಇದ್ದರೆ ಸಾಲದು, ವೈಜ್ಞಾನಿಕ ಹೆಸರು ಪೂರ್ತಿ ಬೇಕು.

ಆಸ್ಟ್ರೇಲಿಯದ ಹಲವು ಸ್ಥಳೀಯ ಇಲಿಗಳಲ್ಲಿ ಒಂದರ ಬದಲು ಮೂರು ಕೊಕ್ಕೆಗಳಿವೆ. ಅಲ್ಲಿಯದೇ ಆದ ಸ್ಪಿನಿಫೆಕ್ಸ್ ಹಾಪಿಂಗ್ ಮೌಸ್‌ನಲ್ಲಿ ಒಂದೂ ಇಲ್ಲ. ಯುರೋಪಿನ ವುಡ್ ಮೌಸ್‌ನಲ್ಲಿ ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ವೀರ್ಯಾಣುಗಳು ಗುಂಪಾಗಿ ಈಜುತ್ತವೆ ಎಂದು 2002ರಲ್ಲಿ ತೋರಿಸಿದರು. ಹೆಣ್ಣು ಹಲವು ಗಂಡುಗಳ ಜೊತೆ ಕೂಡುವ ಜಾತಿಗಳಲ್ಲಿ ಮೈತೂಕಕ್ಕೆ ಹೋಲಿಸಿದರೆ ವೃಷಣ ದೊಡ್ಡದು, ಕೊಕ್ಕೆಯೂ ಹೆಚ್ಚು ಬಾಗಿದ್ದು ಎಂಬ ಸಂಬಂಧವನ್ನೂ ಗಮನಿಸಿದ್ದಾರೆ. ಇದು ಸಂಬಂಧ ಮಾತ್ರ. ಕೊಕ್ಕೆ ಬಂದ ಕಾರಣವೇ ಇದು ಎಂದು ಖಚಿತವಾಗಿ ಬರೆಯಲು ಹೋಗಬೇಡಿ.

ಕೊಕ್ಕೆ ನೋಡುವಾಗ ದೊಡ್ಡ ಮೋಸ ಕೊಯ್ತದ ದಿಕ್ಕಿನದು. ಕೊಕ್ಕೆ ತಲೆಯನ್ನು ಅಂಚಿನಿಂದ ನೋಡಿದರೆ ಕಡ್ಡಿ, ಅಡ್ಡ ಕೊಯ್ದರೆ ಚುಕ್ಕೆ. ಹಾಗಾಗಿ "ಕೊಕ್ಕೆ ಇಲ್ಲ" ಎಂದು ಬರೆಯುವ ಮೊದಲು ಎಪಿಡಿಡಿಮಿಸ್‌ನ ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಸವರಿದ್ದು) ನೋಡಿ. ಅದರಲ್ಲಿ ವೀರ್ಯಾಣು ಇಡಿಯಾಗಿ, ಮಲಗಿ ಕಾಣುತ್ತದೆ.

ಹೆಜ್ಜೆ 6: ಬಾಲ

ಬಾಲ ತಲೆಗಿಂತ ಮೊದಲೇ ಶುರುವಾಗುತ್ತದೆ. ಗಾಲ್ಗಿ ಕಾಲದಲ್ಲೇ ಅಕ್ರೋಸೋಮ್‌ನ ಎದುರು ಬದಿಯಲ್ಲಿ ಅದರ ನಡುಗಂಬ ಮೊಳೆಯುತ್ತದೆ: ನಡುವೆ ಎರಡು, ಸುತ್ತ ಒಂಬತ್ತು ಜೋಡಿ ಸೂಕ್ಷ್ಮನಾಳ. ಅದರ ಸುತ್ತ ಒಂಬತ್ತು ದಪ್ಪ ನಾರುಗಳು ತಲೆಯಿಂದ ತುದಿಯ ಕಡೆಗೆ ಬೆಳೆಯುತ್ತವೆ. ಹಿಂದಿನ ಭಾಗದ ನಾರಿನ ಕವಚ ತುದಿಯಿಂದ ತಲೆಯ ಕಡೆಗೆ ಕಟ್ಟಿಕೊಂಡು ಬರುತ್ತದೆ. ಮೈಟೋಕಾಂಡ್ರಿಯಗಳು ಮಧ್ಯಭಾಗಕ್ಕೆ ಸುರುಳಿ ಸುತ್ತುವುದು ಕೊನೆಯ ಮೆಟ್ಟಿಲುಗಳಲ್ಲಿ.

ಈ ವಿವರಗಳಿಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳೇ ಬೇಕು. ನಿಮ್ಮ ಮೈಕ್ರೋಸ್ಕೋಪಿನಲ್ಲಿ ಸಾಧ್ಯವಾಗುವುದು ಉದ್ದದ ಹೋಲಿಕೆ. ಅದೂ ಸ್ಮಿಯರ್‌ನಲ್ಲಿ ಮಾತ್ರ, ಕೊಯ್ತದಲ್ಲಿ ಬಾಲ ತುಂಡಾಗಿರುತ್ತದೆ.

ಹೆಜ್ಜೆ 7: ಅಳತೆ

ಮೊದಲು ಸ್ಟೇಜ್ ಮೈಕ್ರೋಮೀಟರ್ ಇಟ್ಟು, ಐಪೀಸಿನ ಒಂದು ಭಾಗ ಎಷ್ಟು ಮೈಕ್ರಾನ್ ಎಂದು ಲೆಕ್ಕ ಹಾಕಿ. ಸಾಮಾನ್ಯ ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಒಂದು ಭಾಗ 10 ಮೈಕ್ರಾನ್. ಲೆನ್ಸ್ ಬದಲಿಸಿದರೆ ಲೆಕ್ಕ ಮತ್ತೆ ಮಾಡಬೇಕು. ಮೊಬೈಲಿನಲ್ಲಿ ಜೂಮ್ ಮಾಡಿ ತೆಗೆದ ಫೋಟೋಗೆ ಜೂಮ್ ಇಲ್ಲದ ಅಳತೆ ಹಚ್ಚಿದರೆ ಎಲ್ಲಾ ತಪ್ಪು. ಆದ್ದರಿಂದ ಅದೇ ಸ್ಥಿತಿಯಲ್ಲಿ ಮೈಕ್ರೋಮೀಟರಿನದೂ ಒಂದು ಫೋಟೋ ಇರಲಿ.

ನಿಮ್ಮ ಅಳತೆ ಸರಿಯಿದೆಯಾ ಎಂದು ತಾಳೆ ನೋಡಲು ಒಟ್ಟು ಉದ್ದದ ಅಂದಾಜು: ಮೌಸ್ ಸುಮಾರು 120 ಮೈಕ್ರಾನ್, ರ‍್ಯಾಟ್ ಸುಮಾರು 190, ಸಿರಿಯನ್ ಹ್ಯಾಮ್‌ಸ್ಟರ್ ರ‍್ಯಾಟ್‌ಗೆ ಹತ್ತಿರ, ಗಿನಿಪಿಗ್ ಸುಮಾರು 110, ಚೈನೀಸ್ ಹ್ಯಾಮ್‌ಸ್ಟರ್ ಸುಮಾರು 250. ಮೈಟೋಕಾಂಡ್ರಿಯ ಸುತ್ತಿದ ಮಧ್ಯಭಾಗ ಮೌಸ್‌ನಲ್ಲಿ 20 ಮೈಕ್ರಾನ್‌ನಷ್ಟು, ರ‍್ಯಾಟ್‌ನಲ್ಲಿ 60ರ ಹತ್ತಿರ. ಪ್ರಾಣಿಯ ಗಾತ್ರಕ್ಕೂ ವೀರ್ಯಾಣುವಿನ ಉದ್ದಕ್ಕೂ ನೇರ ನಂಟಿಲ್ಲ ಎನ್ನುವುದು ಈ ಸಂಖ್ಯೆಗಳಲ್ಲೇ ಕಾಣುತ್ತದೆ ಅಲ್ವಾ? ಮನುಷ್ಯನದು 60 ಮೈಕ್ರಾನ್ ಸಹ ದಾಟುವುದು ಕಷ್ಟ.

ಹೆಜ್ಜೆ 8: ಬರೆದಿಡುವುದು

ಪ್ರತಿ ಫೋಟೋ ಜೊತೆ ಐದು ವಿಷಯ ಬರೆಯಿರಿ: ಪ್ರಾಣಿಯ ವೈಜ್ಞಾನಿಕ ಹೆಸರು, ಅಂಗಾಂಶ ಇಟ್ಟ ದ್ರಾವಣ, ಬಣ್ಣ, ಲೆನ್ಸ್, ಅಳತೆ ಪಟ್ಟಿ. ಘಟ್ಟಗಳಿಗೆ ರೋಮನ್ ಅಂಕಿ, ಮೆಟ್ಟಿಲುಗಳಿಗೆ ಮಾಮೂಲಿ ಅಂಕಿ ಬಳಸುವುದು ರೂಢಿ. ಅದನ್ನೇ ಪಾಲಿಸಿ, ಓದುವವರಿಗೆ ಗೊಂದಲ ಆಗುವುದಿಲ್ಲ. ಘಟ್ಟದ ಬಗ್ಗೆ ಅನುಮಾನವಿದ್ದರೆ "VII ಅಥವಾ VIII" ಎಂದೇ ಬರೆಯಿರಿ, ಒತ್ತಾಯದಿಂದ ಒಂದಕ್ಕೆ ಕಟ್ಟಿಹಾಕಬೇಡಿ. ಜಾತಿಗಳನ್ನು ಹೋಲಿಸುವ ಪಟ್ಟಿಯಲ್ಲಿ ಘಟ್ಟದ ಸಂಖ್ಯೆಗೆ ಬದಲು ಗಾಲ್ಗಿ, ಟೋಪಿ, ಅಕ್ರೋಸೋಮ್, ಪಕ್ವ ಎಂಬ ನಾಲ್ಕು ಕಾಲಗಳನ್ನು ಇಟ್ಟುಕೊಳ್ಳಿ. ಎಲ್ಲಾ ಜಾತಿಗೂ ಹೊಂದುವ ಅಳತೆಗೋಲು ಅದೊಂದೇ.